ಡಿಸ್ಕಿನ ಮೇಲಿನ ಮೀಸೆ

ಮಾರ್ಚ್ 3, ಸೋಮವಾರ

ಈ ಮನೆಯ ಚರಿತ್ರೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕಾದ ಘಟನೆಯೊಂದು ಇಂದು ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಜರುಗಿದೆ ಎಂದು ಸಕಲರಿಗೂ, ಅಂದರೆ ನನಗೆ, ಈ ಮೂಲಕ ತಿಳಿಯಪಡಿಸಲಾಗಿದೆ. ನನ್ನ ಕಂಪ್ಯೂಟರಿನ ಡಿಸ್ಕ್ ಡ್ರೈವು ಬಾಯಿ ಮುಚ್ಚಿತು. ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಬರೀ ಮುಚ್ಚಿಕೊಂಡಿದ್ದರೆ ಅದರ ಪಾಡಿಗೆ ಅದನ್ನು ಬಿಡಬಹುದಿತ್ತು. ಅಕ್ಕನ ಡಿಸ್ಕನ್ನು ನುಂಗಿ ಮುಚ್ಚಿಕೊಂಡಿದೆ.

ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ಅವರು ನನಗೆ ಪತ್ರ ಬರೆಯುತ್ತಿದ್ದರು. ಹನ್ನೊಂದು ವರ್ಷದಿಂದ ವಾರಪತ್ರಿಕೆಯಲ್ಲಿ ‘ಯಂತ್ರವೈದ್ಯ’ ಎಂಬ ಹೆಸರಿನಲ್ಲಿ ಜನರ ಕಂಪ್ಯೂಟರುಗಳ ಜ್ವರ, ಕೆಮ್ಮು, ಅಜೀರ್ಣಗಳಿಗೆ ಮದ್ದು ಹೇಳುತ್ತಿರುವವನು ನಾನೇ. ವೈದ್ಯನೇ ಮಲಗಿದರೆ ಯಾರಿಗೆ ಪತ್ರ ಬರೆಯಬೇಕು? ಅದಕ್ಕೇ ಈ ಡೈರಿ. ಇದುವರೆಗೆ ಇದರಲ್ಲಿ ನಾನು ಬರೆದದ್ದು ಒಂದು ಕೊಳಾಯಿ ರಿಪೇರಿಯವನ ಫೋನ್ ನಂಬರು ಮಾತ್ರ.

ಅಕ್ಕ ಕೆಳಗಿನ ಮನೆಯಲ್ಲಿದ್ದಾಳೆ. ದರ್ಜಿ. ಆದರೆ ಎಲ್ಲರ ದರ್ಜಿಯಲ್ಲ, ಅಂಗಡಿಯ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರ ದರ್ಜಿ. ಒಂದು ತೋಳು ಗಿಡ್ಡ ಇರುವವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು, ಬೆನ್ನು ಬಾಗಿದವರು. ಒಬ್ಬೊಬ್ಬರಿಗೂ ಬೇರೆ ಬೇರೆ ನಮೂನೆ, ಖಾಕಿ ಕಾಗದದ ಮೇಲೆ ಗೀಚಿ ಕತ್ತರಿಸಿದ್ದು. ಎರಡು ವರ್ಷದ ಹಿಂದೆ ಆ ಕಾಗದಗಳು ಅವಳ ಬೀರುವಿನಿಂದ ಹೊರಗೆ ಚೆಲ್ಲುತ್ತಿದ್ದಾಗ ಯಂತ್ರವೈದ್ಯರು ಮೆಟ್ಟಿಲಿಳಿದು ಹೋಗಿ ಉಪದೇಶ ದಯಪಾಲಿಸಿದರು. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಡಿಸ್ಕಿಗೆ ಹಿಡಿಯುವುದಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಡಿಸ್ಕಿಗೆ ಹಾಕು, ಕಾಗದ ಬಿಸಾಕು. ಅವಳು ಬಿಸಾಕಿದಳು. ಅರವತ್ತೊಂದು ಜನರ ಮೈ ಒಂದು ಡಿಸ್ಕಿನಲ್ಲಿ. ಅದರ ಮೇಲೆ ಚೀಟಿ ಅಂಟಿಸಿ ‘ಅಕ್ಕನ ಅಳತೆಗಳು. ನೂರು ವರ್ಷ ಗ್ಯಾರಂಟಿ’ ಎಂದು ಬರೆದವನೂ ನಾನೇ.

ಇವತ್ತು ಬೇಕಾಗಿದ್ದದ್ದು ಗ್ರಂಥಪಾಲಕಿಯ ನಮೂನೆ. ಆಕೆಯ ಬೆನ್ನು ಎಡಕ್ಕೆ ಬಾಗಿದೆ. ಅಕ್ಕ ಹೊಲಿದ ಕೋಟು ತೊಟ್ಟರೆ ಮಾತ್ರ ಹೆಗಲೆರಡೂ ಸಮ ಕಾಣುತ್ತವೆ. ಆ ಕೋಟನ್ನು ಹೋದ ತಿಂಗಳು ಬಸ್ಸಿನಲ್ಲಿ ಬಿಟ್ಟುಬಂದಿದ್ದಾರೆ. ಇಪ್ಪತ್ತೊಂದಕ್ಕೆ ಹೊಸ ವಾಚನಾಲಯ ಶುರು, ಮುನ್ನೂರು ಜನರ ಮುಂದೆ ನಿಂತು ಮಾತಾಡಬೇಕು. ಅಷ್ಟರೊಳಗೆ ಅದೇ ನಮೂನೆಯಲ್ಲಿ ಇನ್ನೊಂದು ಕೋಟು ಬೇಕು.

“ಅಳತೆಗೆ ಅಂತ ಮತ್ತೆ ಅವರನ್ನ ನಿಲ್ಸೋ ಹಾಗಿಲ್ಲ ಕಣೋ,” ಅಂದಳು ಅಕ್ಕ. “ಹೋದ ಸಲ ಬೆನ್ನಿನ ಪಟ್ಟಿ ಬಿಚ್ಚಿ ಎರಡು ಗಂಟೆ ನಿಂತಿದ್ದಕ್ಕೆ ಒಂದು ವಾರ ಹಾಸಿಗೆ ಹಿಡಿದಿದ್ರು.”

ಮಧ್ಯಾಹ್ನಕ್ಕೆ ಪ್ರಿಂಟ್ ತೆಗೆದು ಕೊಡುತ್ತೇನೆ ಎಂದೆ. ಯಾವ ದಿನದ ಮಧ್ಯಾಹ್ನ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಶಾಸ್ತ್ರೋಕ್ತ ಚಿಕಿತ್ಸೆ ಆರಂಭವಾಯಿತು. ನನ್ನ ಅಂಕಣಗಳನ್ನು ಅಂಟಿಸಿಟ್ಟ ನಾಲ್ಕು ದಪ್ಪ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬಾಯಿ ತೆರೆಯದ ಡ್ರೈವಿನ ಬಗ್ಗೆ ಪಂಡಿತರ ಅಭಿಪ್ರಾಯವೇನೆಂದು ಹುಡುಕಿದೆ. ಹತ್ತೊಂಬತ್ತು ಕಡೆ ಸಿಕ್ಕಿತು. ಹದಿನಾಲ್ಕು ಕಡೆ ‘ಕಂಪ್ಯೂಟರ್ ಆರಿಸಿ, ಹತ್ತರವರೆಗೆ ಎಣಿಸಿ, ಮತ್ತೆ ಚಾಲೂ ಮಾಡಿ’. ನಾಲ್ಕು ಕಡೆ ‘ತಂತಿ ಸರಿಯಾಗಿ ಕೂತಿದೆಯೇ ನೋಡಿ’. ಒಂದು ಕಡೆ ‘ನಿಮ್ಮ ಪ್ರಶ್ನೆ ಸ್ಪಷ್ಟವಾಗಿಲ್ಲ’.

ಆರಿಸಿದೆ. ಹತ್ತರವರೆಗೆ ಎಣಿಸಿದೆ. ಇರಲಿ ಎಂದು ನೂರರವರೆಗೂ ಎಣಿಸಿದೆ. ತಂತಿ ಕಿತ್ತು ಮತ್ತೆ ಕೂರಿಸಿದೆ. ಗುಂಡಿ ಒತ್ತಿದರೆ ಒಳಗೆ ಯಾರೋ ಉಸಿರೆಳೆದಂಥ ಸದ್ದು, ಎರಡು ಸಲ ಟಕ್ ಟಕ್, ಆಮೇಲೆ ಮೌನವ್ರತ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರೆ. ಹನ್ನೊಂದು ವರ್ಷ ಆಚಾರ ಹೇಳಿದ್ದಾಯಿತು, ಬದನೆಕಾಯಿಯ ರುಚಿ ಇವತ್ತು ಗೊತ್ತಾಯಿತು.

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂಬ ಗಾದೆ ಕಟ್ಟಿದವರು ಈ ಡ್ರೈವನ್ನು ನೋಡಿಯೇ ಕಟ್ಟಿರಬೇಕು. ಅದರ ಮುಖದ ಮೇಲೆ ಸೂಜಿ ಹಿಡಿಯುವಷ್ಟು ಒಂದು ತೂತಿದೆ. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಅದರೊಳಗೆ ತೂರಿಸಿ ಒತ್ತಿದರೆ ಡಿಸ್ಕ್ ಕೂರುವ ತಟ್ಟೆ ಹೊರಗೆ ಬರಬೇಕು. ಒತ್ತಿದೆ. ಒಂದು ಬೆರಳಿನಷ್ಟು ಬಂತು, ನನ್ನ ಮುಖ ನೋಡಿತು, ಒಳಗೆ ಹೋಯಿತು. ಎರಡನೆಯ ಸಲ ಬಂದಾಗ ಇಕ್ಕಳ ಹಾಕಿ ಎಳೆದೆ. ತಟ್ಟೆ ಬರಲಿಲ್ಲ, ತಟ್ಟೆಯ ಮುಂಭಾಗ ಮುರಿದು ಕೈಗೆ ಬಂತು. ಕಂಪ್ಯೂಟರನ್ನು ಆರಿಸಿಯೇ ಈ ಕೆಲಸಕ್ಕೆ ಕೈಹಾಕಬೇಕು ಎಂದು ಡ್ರೈವಿನ ಜೊತೆ ಬಂದಿದ್ದ ಚೀಟಿಯಲ್ಲಿ ಬರೆದಿತ್ತು. ಅದನ್ನು ಓದಿದ್ದು ಆಮೇಲೆ.

ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿ ಸದ್ದು. ಮುರಿದ ತುಂಡಿನ ಮೇಲೆ ದಿನಪತ್ರಿಕೆ ಹರಡಿ ಕೂತೆ. ಡ್ರೈವು ಅಪ್‌ಡೇಟ್ ಆಗುತ್ತಿದೆ ಎಂದೆ. ಡ್ರೈವು ಹಾಗೆಲ್ಲ ಆಗುವ ಪ್ರಾಣಿಯಲ್ಲ. ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಹೇಳಲಾಗದು, ದೊಡ್ಡ ಅಪ್‌ಡೇಟು ಎಂದೆ. ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು ಎಂಬಂತೆ ಮೆಚ್ಚಿ ನೋಡಿ ಹೋದಳು. ಬೈದಿದ್ದರೆ ಊಟ ಸೇರುತ್ತಿತ್ತು.

ಮಾರ್ಚ್ 5, ಬುಧವಾರ

‘ಎಲ್ಲದಕ್ಕೂ ಇನ್ನೊಂದು ಪ್ರತಿ ಇಟ್ಟುಕೊಳ್ಳಿ’ ಎಂದು ಓದುಗರಿಗೆ ಎಷ್ಟು ಸಲ ಬರೆದಿದ್ದೇನೆ ಎಂದು ಪುಸ್ತಕಗಳಲ್ಲಿ ಎಣಿಸಿದೆ. ಮೂವತ್ತೇಳು ಸಲ. ಅಕ್ಕನಿಗೆ ಒಂದು ಸಲವೂ ಹೇಳಿಲ್ಲ. ಸ್ಕ್ಯಾನ್ ಮಾಡಿದ ನನ್ನ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿ ವರ್ಷವಾಯಿತು.

ಕೆಳಗೆ ಹೊಲಿಗೆ ಯಂತ್ರ ಸದ್ದು ಮಾಡುತ್ತಿಲ್ಲ. ಅವಳು ಬಟ್ಟೆ ತಂದು, ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದಾಳೆ.

ಮಾರ್ಚ್ 7, ಶುಕ್ರವಾರ

ಕಂಪ್ಯೂಟರಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ನನ್ನನ್ನು ಯಾರೂ ಅರಿಯದ ಬೀದಿಯವರೆಗೆ ನಡೆದೆ. ಅಲ್ಲಿ ನೆಲಮಾಳಿಗೆಯಲ್ಲಿ ಒಂದು ರಿಪೇರಿ ಅಂಗಡಿ. ನಡೆಸುವವರು ಅರವತ್ತು ದಾಟಿದ ಹೆಂಗಸು, ಬೀದಿಗೆಲ್ಲ ರಿಪೇರಿಯಮ್ಮ. ಕನ್ನಡಕದ ಮೇಲೊಂದು ಭೂತಗನ್ನಡಿ, ಸೆರಗಿಗೆ ಸಿಕ್ಕಿಸಿಕೊಂಡ ಮೂರು ಸ್ಕ್ರೂಡ್ರೈವರು. ಪಕ್ಕದ ಮನೆಯವರ ಕಂಪ್ಯೂಟರು, ಪಾಪ, ಏನೂ ಗೊತ್ತಾಗದ ಜನ ಎಂದೆ.

“ಇಕ್ಕಳ ಹಾಕಿದಾರೆ,” ಅಂದರು ಅವರು, ನೋಡಿದ ಕೂಡಲೇ.

ನಾಲ್ಕು ಸ್ಕ್ರೂ ಬಿಚ್ಚಿದ್ದಷ್ಟೇ, ಡ್ರೈವಿನ ಮುಚ್ಚಳ ಬಂತು. ಒಳಗೆ ಅಕ್ಕನ ಡಿಸ್ಕು, ಅದರ ಮೇಲೆ ಅರ್ಧ ಎದ್ದು ಸುರುಳಿಯಾಗಿ ಮೇಲಿನ ಹಿಡಿಕೆಗೆ ಸಿಕ್ಕಿಕೊಂಡ ಚೀಟಿ. ಆ ಚೀಟಿಯ ಬಗ್ಗೆ ಇಲ್ಲಿ ಬರೆಯಲೇಬೇಕು. ಒಂಬತ್ತು ವರ್ಷದ ಹಿಂದೆ ನನ್ನ ಸಲಹೆಯ ಮೇರೆಗೆ ಪತ್ರಿಕೆಯವರು ಓದುಗರಿಗೆಲ್ಲ ಅಂಟುಚೀಟಿಗಳ ಹಾಳೆಯೊಂದನ್ನು ಬಿಟ್ಟಿ ಹಂಚಿದ್ದರು. ಡಿಸ್ಕಿನ ಮೇಲೆ ಅಂಟಿಸಿ ಹೆಸರು ಬರೆದುಕೊಳ್ಳಲು, ಅರ್ಧಚಂದ್ರಾಕಾರದ್ದು. ಮೂಲೆಯಲ್ಲಿ ಯಂತ್ರವೈದ್ಯರ ವ್ಯಂಗ್ಯಚಿತ್ರ: ಕೊರಳಲ್ಲಿ ಸ್ಟೆತಸ್ಕೋಪು, ಮೂಗಿನ ಕೆಳಗೆ ಪೊರಕೆಯಂಥ ಮೀಸೆ. ಆಗ ನನಗೆ ಮೀಸೆಯಿತ್ತು.

ರಿಪೇರಿಯಮ್ಮ ಮೇಜಿನ ಖಾನೆ ಎಳೆದರು. ಒಳಗೆ ಒಂದು ತಗಡಿನ ಡಬ್ಬಿ, ಅದರ ತುಂಬ ಸುಟ್ಟ, ಹರಿದ, ಮುದುರಿದ ಮೀಸೆಗಳು.

“ಈ ಪುಣ್ಯಾತ್ಮನ ದಯೆಯಿಂದ ನನ್ನ ಅಂಗಡಿ ನಡೀತಿದೆ ನೋಡಿ,” ಅಂದರು. “ಡಿಸ್ಕು ಒಳಗೆ ಬುಗುರಿ ತಿರುಗಿದ ಹಾಗೆ ತಿರುಗತ್ತೆ. ಒಂದೇ ಪಕ್ಕ ಭಾರ ಹಾಕಿದ್ರೆ ಅದು ಒದ್ದಾಡದೆ ಇನ್ನೇನು ಮಾಡತ್ತೆ? ಬಿಸಿಗೆ ಗೋಂದು ಬಿಡತ್ತೆ, ಚೀಟಿ ಎದ್ದು ಕೂತ್ಕೊಳತ್ತೆ. ಸಿಕ್ಕಿದ್ರೆ ಅವನಿಗೊಂದು ಕಾಫಿ ಕೊಡಿಸ್ಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೂಗಿನ ಕೆಳಗೆ ಮುಟ್ಟಿ ನೋಡಿಕೊಂಡೆ.

ಹಳೆಯ ಡ್ರೈವಿನ ಜಾಗಕ್ಕೆ ಬೇರೊಂದನ್ನು ಕೂರಿಸಿಕೊಟ್ಟರು. ಡಿಸ್ಕನ್ನು ಇಲ್ಲೇ ಬಿಟ್ಟುಹೋಗಿ, ನಾಳೆಯೊಳಗೆ ನಕಲು ಮಾಡಿಡುತ್ತೇನೆ ಎಂದರು. ಅವರು ಡಿಸ್ಕನ್ನು ದೀಪದ ಕೆಳಗೆ ಹಿಡಿದು, ಒಮ್ಮೆ ಮೀಸೆಯನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಾರೆ ಅನ್ನಿಸಿತು. ಬೇಡ, ಪಕ್ಕದ ಮನೆಯವರಿಗೆ ಅವಸರ ಎಂದು ಕೈಯಿಂದ ಇಸಿದುಕೊಂಡೇ ಮೆಟ್ಟಿಲು ಹತ್ತಿದೆ. ಹಿಂದಿನಿಂದ ಚೀಟಿಯ ವಿಷಯ ಏನೋ ಹೇಳುತ್ತಿದ್ದರು. ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಮಾರ್ಚ್ 8, ಶನಿವಾರ

ಚೀಟಿಯ ಎದ್ದಿರುವ ಅಂಚನ್ನಷ್ಟೇ ಕತ್ತರಿಯಲ್ಲಿ ಕತ್ತರಿಸಿದ್ದರೆ ಸಾಕಿತ್ತು. ಆದರೆ ಮೀಸೆ ಉಳಿಯುತ್ತಿತ್ತು. ‘ನೂರು ವರ್ಷ ಗ್ಯಾರಂಟಿ’ಯೂ ಉಳಿಯುತ್ತಿತ್ತು.

ಉಗುರು ಹಾಕಿ ಎಳೆದೆ. ಸಲೀಸಾಗಿ ಬಂತು. ಚೀಟಿಯ ಹಿಂಬದಿಯಲ್ಲಿ ಬೆಳ್ಳಿ ಹಾಳೆ ಅಂಟಿಕೊಂಡು ಬಂತು.

ಡಿಸ್ಕನ್ನು ಕಿಟಕಿಗೆ ಹಿಡಿದೆ. ಚೀಟಿ ಇದ್ದ ಜಾಗದಲ್ಲಿ ಬರೀ ಗಾಜಿನಂಥ ಪ್ಲಾಸ್ಟಿಕ್ಕು. ಅದರ ಮೂಲಕ ಎದುರು ಮನೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳು ಸ್ಪಷ್ಟವಾಗಿ ಕಂಡವು.

ಹೊಸ ಡ್ರೈವಿಗೆ ಹಾಕಿದೆ. ಅದು ಚೆನ್ನಾಗಿಯೇ ತೆರೆಯುತ್ತದೆ, ಚೆನ್ನಾಗಿಯೇ ಮುಚ್ಚುತ್ತದೆ. ಡಿಸ್ಕ್ ಹಾಕಿ ಎನ್ನುತ್ತಿದೆ. ಹಾಕಿದ್ದೇನೆ.

ಮಾರ್ಚ್ 9, ಭಾನುವಾರ

ಅಕ್ಕ ಕೇಳಿದಳು. ನಾಳೆ ಎಂದೆ.

ಮಾರ್ಚ್ 10, ಸೋಮವಾರ

ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ರಿಪೇರಿಯಮ್ಮ ಬಂದು ಬೀಗ ತೆಗೆಯುತ್ತಿರುವಾಗಲೇ ಡಿಸ್ಕನ್ನು ಚಾಚಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಿತ್ತ ಚೀಟಿ ಎಲ್ಲಿ ಎಂದು ಕೇಳಿದರು. ಈ ಡೈರಿಯಲ್ಲೇ ಇಟ್ಟುಕೊಂಡಿದ್ದೆ, ತೆಗೆದುಕೊಟ್ಟೆ. ಅದನ್ನು ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದು, ಭೂತಗನ್ನಡಿ ಇಳಿಸಿ, ನಿಧಾನವಾಗಿ ನೋಡಿದರು.

“ಮೀಸೆ ಯಾವಾಗ ತೆಗೆದ್ರಿ?” ಅಂದರು.

ಆರು ವರ್ಷವಾಯಿತು ಎಂದೆ. ಪಕ್ಕದ ಮನೆಯವರದಲ್ಲ, ಅಕ್ಕನದು ಎಂದೂ ಹೇಳಿದೆ. ಆಮೇಲೆ ಗ್ರಂಥಪಾಲಕಿಯ ವಿಷಯ ಹೇಳಿದೆ. ಅಂಗಡಿ ತೆರೆದು ನನ್ನನ್ನು ಕೂರಿಸಿ, ಬೆಳ್ಳಿಯೇ ಹೋದ ಮೇಲೆ ಅಲ್ಲಿದ್ದದ್ದು ಹೋದ ಹಾಗೆಯೇ, ಅದನ್ನು ಯಾರೂ ತರಲಾರರು, ಉಳಿದ ಭಾಗದಲ್ಲಿ ಸಿಕ್ಕಷ್ಟು ತೆಗೆಯುತ್ತೇನೆ ಎಂದರು. ಡಿಸ್ಕನ್ನು ಬರೆಯುವುದು ನಡುವಿನಿಂದ ಅಂಚಿನ ಕಡೆಗೆ. ಮೊದಲು ಬಂದವರು ನಡುವಿನಲ್ಲಿರುತ್ತಾರೆ, ಕೊನೆಗೆ ಬಂದವರು ಅಂಚಿನಲ್ಲಿರುತ್ತಾರೆ. ನಾನು ಅಂಚಿನಿಂದ ನಡುವಿಗೆ ಎಂದುಕೊಂಡಿದ್ದೆ. ಹಾಗೆಂದು ಬರೆದೂ ಇದ್ದೇನೆ, ಪುಸ್ತಕ ಎರಡು, ಪುಟ ನಲವತ್ತು.

ಸಂಜೆ ನಾಲ್ಕಕ್ಕೆ ಇಪ್ಪತ್ತಮೂರು ನಮೂನೆಗಳು ಸಿಕ್ಕವು. ಮೂವತ್ತೆಂಟು ಹೋದವು. ಚೀಟಿ ಇದ್ದದ್ದು ಅಂಚಿನಲ್ಲೇ, ಗ್ರಂಥಪಾಲಕಿ ಕೊನೆಗೆ ಬಂದವರಲ್ಲಿ ಒಬ್ಬರು.

ಕಾಫಿ ಕೊಡಿಸಿದರು. ಕುಡಿದೆ.

ಮಾರ್ಚ್ 11, ಮಂಗಳವಾರ

ಅಕ್ಕನಿಗೆ ಹೇಳಿದೆ. ಮೂರರಂದೇ ಸಿಕ್ಕಿಕೊಂಡಿದ್ದು, ಇಕ್ಕಳ, ಅಪ್‌ಡೇಟಿನ ಸುಳ್ಳು, ಚೀಟಿ, ಎಲ್ಲ. ಕ್ರಮವಾಗಿ ಹೇಳಿದೆ. ಅವಳು ಮೇಜಿನ ಮೇಲಿನ ಬಟ್ಟೆಯನ್ನು ಸವರುತ್ತಾ ಕೇಳಿದಳು. ಚೀಟಿ ಯಾಕೆ ಕಿತ್ತೆ ಎಂದು ಒಂದೇ ಪ್ರಶ್ನೆ. ನನ್ನ ಮುಖ ಇತ್ತು ಅದರ ಮೇಲೆ ಎಂದೆ.

ಸಿಕ್ಕ ಇಪ್ಪತ್ತಮೂರರ ಪಟ್ಟಿ ಓದಿದಳು. ಸಿಗದವರ ಹೆಸರುಗಳನ್ನು ತಾನೇ ನೆನಪಿನಿಂದ ಹೇಳುತ್ತಾ ಹೋದಳು. ಒಬ್ಬರ ಬಳಿ ಬಂದಾಗ ನಿಲ್ಲಿಸಿದಳು, ಆ ಮನುಷ್ಯನ ತೋಳಿಗೆ ಯಾರಾದರೂ ಕೈ ತಾಕಿಸಿದರೆ ಅವನು ಅಳುತ್ತಾನೆ, ಅವನ ಅಳತೆ ತೆಗೆಯಲು ನಾಲ್ಕು ದಿನ ಬೇಕಾಯಿತು ಎಂದಳು. ನಾನು ತಲೆ ತಗ್ಗಿಸಿ ಅಲ್ಲೇ ನಿಂತಿದ್ದೆ.

“ಬೈಸ್ಕೊಳ್ಳೋಕೆ ನಿಂತಿದೀಯಾ?” ಅಂದಳು. “ನಂಗೆ ಈಗ ಹೊತ್ತಿಲ್ಲ. ಅವರಿಗೆ ಫೋನ್ ಮಾಡಿ ನೀನೇ ಹೇಳು. ಅಪ್‌ಡೇಟ್ ಆಗ್ತಿದೆ ಅನ್ನಬೇಡ.”

ಫೋನ್ ಮಾಡಿದೆ. ಗ್ರಂಥಪಾಲಕಿ ಗುರುವಾರ ಬರುತ್ತೇನೆ ಎಂದರು.

ಮಾರ್ಚ್ 13, ಗುರುವಾರ

ಹತ್ತೂಕಾಲಿಗೆ ಬಂದರು. ಅಕ್ಕ ಕೋಣೆಗೆ ಅಡ್ಡವಾಗಿ ಪರದೆ ಎಳೆದಳು. ನನ್ನನ್ನು ಈಚೆ, ಗೋಡೆಗೆ ಮುಖ ಮಾಡಿ ಕೂರಿಸಿದಳು. ಅವಳು ಹೇಳಿದ್ದನ್ನು ನಾನು ಬರೆಯಬೇಕು.

ಬೆನ್ನಿನ ಪಟ್ಟಿಯ ಬಕಲುಗಳನ್ನು ಬಿಚ್ಚುವ ಸದ್ದು ಕೇಳಿಸಿತು. ನಾಲ್ಕು ಬಕಲು. ಬಲ ಹೆಗಲಿಂದ ಸೊಂಟಕ್ಕೆ ಹದಿನೇಳೂಕಾಲು. ಎಡ ಹೆಗಲಿಂದ ಹದಿನಾಲ್ಕೂವರೆ. ಕತ್ತಿನ ಬುಡದಿಂದ ಬಲ ಬೆನ್ನಿನ ಉಬ್ಬಿಗೆ ಆರೂ ಮುಕ್ಕಾಲು. ಅಂಥವು ಐವತ್ತೆರಡು ಅಳತೆ. ನಡುನಡುವೆ ಅಕ್ಕ ಸ್ವಲ್ಪ ಕೂತ್ಕೊಳ್ಳಿ ಎನ್ನುತ್ತಿದ್ದಳು, ಕೂತರೆ ಮತ್ತೆ ಏಳೋಕಾಗಲ್ಲ, ಮುಗಿಸಿಬಿಡಿ ಎನ್ನುತ್ತಿದ್ದರು ಅವರು. ಮೇಜಿನ ಅಂಚು ಹಿಡಿದುಕೊಂಡಿದ್ದರು ಅಂತ ಕಾಣುತ್ತದೆ, ಮೇಜು ಆಗಾಗ ಕಿರ್ ಎನ್ನುತ್ತಿತ್ತು. ಎರಡು ಸಲ ಅಕ್ಕ ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ. ಹದಿಮೂರೋ ಹದಿನಾಲ್ಕೋ ಒಂದು ಬರೆದುಬಿಡಬಹುದಿತ್ತು. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಅಷ್ಟು ಹೊತ್ತು ಅವರು ಹೆಚ್ಚಿಗೆ ನಿಲ್ಲಬೇಕಾಯಿತು.

ನಮ್ಮ ಗ್ರಂಥಾಲಯದಿಂದ ನಿಮ್ಮ ಅಂಕಣಕ್ಕೆ ಒಂದು ಸಲ ಬರೆದಿದ್ದೆ ಎಂದರು ಪರದೆಯ ಆಚೆಯಿಂದ. ಎಂಟು ವರ್ಷದ ಹಿಂದೆ. ಚೀಟಿ ಅಂಟಿಸಿದ ಡಿಸ್ಕುಗಳು ಮಾತ್ರ ಡ್ರೈವಿನಲ್ಲಿ ಸಿಕ್ಕಿಕೊಳ್ಳುತ್ತಿವೆ, ಚೀಟಿಯೇ ಕಾರಣವಿರಬಹುದೇ ಎಂದು ಕೇಳಿದ್ದರಂತೆ.

ನಾನು ಏನು ಉತ್ತರ ಕೊಟ್ಟಿದ್ದೆ ಎಂದು ಕೇಳುವ ಅಗತ್ಯವಿರಲಿಲ್ಲ.

“ನನ್ನ ಪ್ರಶ್ನೆ ಸ್ಪಷ್ಟವಾಗೇ ಇತ್ತು,” ಅಂದರು ಅವರು. ಕೋಪದಲ್ಲಿ ಹೇಳಲಿಲ್ಲ. ಉಸಿರು ಸಾಲದೆ ಮೆಲ್ಲಗೆ ಹೇಳಿದರು.

ಹೌದು, ಸ್ಪಷ್ಟವಾಗಿತ್ತು, ನನಗೆ ಉತ್ತರ ಗೊತ್ತಿರಲಿಲ್ಲ ಎಂದೆ. ಅಕ್ಕ ಮುಂದಿನ ಅಳತೆ ಹೇಳಿದಳು.

ಎರಡು ಗಂಟೆ ಹತ್ತು ನಿಮಿಷವಾಯಿತು. ಆಟೋದವರೆಗೆ ಅವರ ಚೀಲ ಹಿಡಿದುಕೊಂಡು ಹೋದೆ. ಮಧ್ಯಾಹ್ನ ಅಳತೆಗಳನ್ನು ಇನ್ನೊಂದು ನೋಟುಪುಸ್ತಕಕ್ಕೆ ನಕಲು ಮಾಡಿ, ಒಂದೊಂದನ್ನೂ ಎರಡೆರಡು ಸಲ ತಾಳೆ ನೋಡಿ, ಆ ಪುಸ್ತಕವನ್ನು ಮೇಲೆ ನನ್ನ ಬೀರುವಿನಲ್ಲಿಟ್ಟೆ.

ನಾಲ್ಕು ಗಂಟೆಯಿಂದ ಕೆಳಗೆ ಯಂತ್ರ ಓಡುತ್ತಿದೆ.

ಮಾರ್ಚ್ 21, ಶುಕ್ರವಾರ

ಕೋಟು ಬೂದು ಬಣ್ಣದ್ದು. ಹೆಗಲೆರಡೂ ಸಮವಾಗಿದ್ದವು. ಅಕ್ಕನೂ ನಾನೂ ಕೊನೆಯ ಸಾಲಿನಲ್ಲಿ ಕೂತಿದ್ದೆವು.

ಹದಿನೈದು ನಿಮಿಷ ಮಾತಾಡುತ್ತಾರೆ ಎಂದು ಆಮಂತ್ರಣದಲ್ಲಿತ್ತು. ನಾಲ್ಕು ನಿಮಿಷಕ್ಕೆ ಮುಗಿಸಿ, ಮೇಜು ಹಿಡಿದುಕೊಂಡೇ ಹಿಂದೆ ಸರಿದು ಕೂತುಬಿಟ್ಟರು. ನನ್ನ ಮುಂದೆ ಕೂತಿದ್ದವರು ಪಕ್ಕದವರಿಗೆ, ಎಷ್ಟು ಚುಟುಕಾಗಿ, ಚೊಕ್ಕವಾಗಿ ಮಾತಾಡಿದರು ನೋಡಿ ಎಂದರು.

ಅಕ್ಕ ನನ್ನ ಕಡೆ ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ, ನಾಳೆ ಒಂಬತ್ತಕ್ಕೆ ಗಾಲಿಕುರ್ಚಿಯ ಮಾಸ್ತರರ ಮನೆಗೆ ಹೋಗಬೇಕು, ಪೆನ್ಸಿಲು ಚೂಪು ಮಾಡಿಟ್ಟುಕೋ ಎಂದಳು.

ಮಾರ್ಚ್ 24, ಸೋಮವಾರ

ಗ್ರಂಥಪಾಲಕಿಯದು ಬಿಟ್ಟು ಮತ್ತೆ ತೆಗೆಯಬೇಕಾದ ಮೂವತ್ತೇಳು ಜನರ ಅಳತೆಯಲ್ಲಿ ಐದಾಯಿತು. ತೋಳು ಮುಟ್ಟಿಸಿಕೊಳ್ಳದ ಮನುಷ್ಯನ ಮನೆಗೆ ಬುಧವಾರದಿಂದ ನಾಲ್ಕು ದಿನ.

ಸಂಪಾದಕ ಫೋನ್ ಮಾಡಿ ಅಂಕಣ ಎಲ್ಲಿ, ಈ ಸಲ ಸ್ವಲ್ಪ ನಗು ಇರಲಿ ಎಂದ. ಇದೊಂದನ್ನು ಕಳಿಸಿದ್ದೇನೆ. ಜೊತೆಗೆ ಹಳೆಯ ಮೀಸೆಯ ಚಿತ್ರವನ್ನೇ ದೊಡ್ಡದಾಗಿ ಹಾಕು, ಜನಕ್ಕೆ ಯಾವ ಚೀಟಿ ಎಂದು ಗೊತ್ತಾಗಬೇಕು ಎಂದೆ. ಮೀಸೆಯವನನ್ನು ನೋಡಿ ಜನ ನಗುತ್ತಾರೆ ಎಂದ. ನಗಲಿ ಎಂದೆ. ಎರಡನೆಯ ಪ್ರತಿ ಇಲ್ಲಿ ಅಂಟಿಸಿದ್ದೇನೆ:

‘ಈ ಚಿತ್ರದಲ್ಲಿರುವವನು ಒಂಬತ್ತು ವರ್ಷದ ಹಿಂದೆ ನಿಮಗೆ ಡಿಸ್ಕಿನ ಮೇಲೆ ಅಂಟಿಸಲು ಚೀಟಿ ಹಂಚಿದ. ಅಂಟಿಸಬಾರದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಬರೆದು ಕೇಳಿದಾಗ ಅವನು ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಈಗ ಒಂದು ಉಪಕಾರ ಮಾಡಿ. ನಿಮ್ಮ ಮನೆಯಲ್ಲಿ ಆ ಚೀಟಿಯಿರುವ ಡಿಸ್ಕ್ ಇದ್ದರೆ ಚೀಟಿಯನ್ನು ಕೀಳಬೇಡಿ. ನನ್ನ ಮುಖ ಅಲ್ಲೇ ಇರಲಿ. ಅಂಚು ಎದ್ದಿದ್ದರೆ ಎದ್ದಷ್ಟನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ, ಬಲ್ಲವರ ಹತ್ತಿರ ಕೊಟ್ಟು, ಈ ವಾರವೇ ಒಂದು ನಕಲು ಮಾಡಿಸಿಕೊಳ್ಳಿ.’